ಕಥೆಗಾರನು ಬರೆಯುವುದೇತಕ್ಕೆ?



ಕಳೆದ ಮಳೆಗಾಲದಲ್ಲಿ ದೂರದ ಊರಿನಿಂದ ಬಂದಿದ್ದ ನನ್ನ ತಮ್ಮನ ಮಗನನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಮಂಜು ಒಮ್ಮೆ ಕಣಿವೆಯನ್ನೆಲ್ಲ ಮುಸುಕುತ್ತಿತ್ತು, ಒಮ್ಮೆ ತೆರೆ ಎಳೆದಂತೆ ಸರಿಯುತ್ತಿತ್ತು. ಸರಿದಾಗಲೆಲ್ಲ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು 253 ಮೀಟರು ಕೆಳಗಿನ ಕಮರಿಗೆ ಧುಮುಕುವ ನೋಟ ಕಣ್ಣಿಗೆ ಬೀಳುತ್ತಿತ್ತು. ಆ ಹುಡುಗನಿಗೆ ಈಚೆಗೆ ಕಥೆ ಬರೆಯುವ ಗೀಳು ಹತ್ತಿದೆ. ಬಹಳ ಹೊತ್ತು ಸುಮ್ಮನೆ ನಿಂತಿದ್ದವನು ಇದ್ದಕ್ಕಿದ್ದಂತೆ ನನ್ನತ್ತ ತಿರುಗಿ, “ದೊಡ್ಡಪ್ಪ, ನೀವು ಇಷ್ಟು ವರ್ಷ ಕಥೆ ಬರೆದಿರಲ್ಲ, ಯಾಕೆ ಬರೆದಿರಿ?” ಎಂದು ಕೇಳಿದ.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. “ಯಾಕೆ ಧುಮುಕುತ್ತೀಯೆ ಎಂದು ಆ ನೀರನ್ನು ಕೇಳು” ಎಂದು ಜಾಣತನದ ಮಾತೊಂದನ್ನು ಆಡಿ ನುಣುಚಿಕೊಂಡೆ. ಹುಡುಗ ನಕ್ಕ. ಆದರೆ ರಾತ್ರಿ ಮನೆಯಲ್ಲಿ ಮಲಗಿದಾಗ ಆ ಮಾತಿಗೆ ನಾನೇ ನಾಚಿದೆ. ನೀರಿಗೆ ಧುಮುಕುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಬರೆಯುವವನಿಗಾದರೋ ಸುಮ್ಮನಿರುವ ದಾರಿ ಸದಾ ತೆರೆದೇ ಇರುತ್ತದೆ. ಯಾರೂ ಬಂದು ಬರೆಯೆಂದು ಅವನನ್ನು ಒತ್ತಾಯಿಸುವುದಿಲ್ಲ. ಬರೆಯದಿದ್ದರೆ ಲೋಕಕ್ಕೆ ತಿಳಿಯುವುದೂ ಇಲ್ಲ. ಸುಮ್ಮನಿರಬಹುದಾಗಿದ್ದವನು ನಿದ್ದೆಗೆಟ್ಟು, ಇಲ್ಲದ ಮನುಷ್ಯರನ್ನು ಕಲ್ಪಿಸಿಕೊಂಡು, ಅವರ ಸುಖದುಃಖಗಳನ್ನು ತನ್ನ ತಲೆಯ ಮೇಲೆ ಹೊತ್ತು ಬರೆಯುವುದೇತಕ್ಕೆ? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು, ನನಗೆ ತಿಳಿದಷ್ಟನ್ನು ನಿವೇದಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನರು ಇದನ್ನು ವಿಚಾರಿಸದೆ ಬಿಟ್ಟಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದಲ್ಲಿ ಕಾವ್ಯಕ್ಕೆ ಆರು ಪ್ರಯೋಜನಗಳನ್ನು ಹೇಳಿದ್ದಾನೆ: ಕೀರ್ತಿ, ಧನ, ಲೋಕವ್ಯವಹಾರದ ಅರಿವು, ಅಮಂಗಳದ ನಿವಾರಣೆ, ಓದಿದೊಡನೆ ಒದಗುವ ಪರಮಾನಂದ, ಕಾಂತೆಯ ನುಡಿಯಂತೆ ಇಂಪಾಗಿ ಮನಸ್ಸಿಗಿಳಿಯುವ ಉಪದೇಶ. ಅವನು ಮೊದಲು ಹೆಸರಿಸಿದ್ದು ಕೀರ್ತಿಯನ್ನು, ಎರಡನೆಯದು ಹಣವನ್ನು ಎಂಬುದನ್ನು ಗಮನಿಸಬೇಕು. ಆತ ಮನುಷ್ಯಸ್ವಭಾವವನ್ನು ಬಲ್ಲವನು! ಸುಮಾರು ಒಂಬತ್ತು ಶತಮಾನಗಳ ತರುವಾಯ, 1946ರಲ್ಲಿ, ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ತಾನು ಬರೆಯುವುದೇಕೆಂದು ಒಂದು ಪ್ರಬಂಧವನ್ನೇ ಬರೆದು ನಾಲ್ಕು ಪ್ರೇರಣೆಗಳನ್ನು ಎಣಿಸಿದ. ಅಲ್ಲಿಯೂ ಮೊದಲ ಸ್ಥಾನ ಅಹಂಕಾರಕ್ಕೆ. ಅನಂತರ ಸೌಂದರ್ಯದ ಮೋಹ, ನಡೆದದ್ದನ್ನು ಮುಂದಿನವರಿಗಾಗಿ ಉಳಿಸುವ ಹಂಬಲ, ಲೋಕವನ್ನು ತನಗೆ ಸರಿಕಂಡ ದಿಕ್ಕಿಗೆ ನೂಕುವ ಉದ್ದೇಶ.

ಹಣಕ್ಕಾಗಿ ಬರೆದವರಿಲ್ಲವೇ? ಧಾರಾಳವಾಗಿ ಇದ್ದಾರೆ. ರಷ್ಯದ ಮಹಾಕಾದಂಬರಿಕಾರ ದಾಸ್ತೊಯೆವ್‌ಸ್ಕಿ ಸಾಲಗಾರರ ಕಾಟಕ್ಕೆ ಸಿಕ್ಕಿ, ಪ್ರಕಾಶಕನಿಗೆ ಕೊಟ್ಟ ಗಡುವನ್ನು ಉಳಿಸಿಕೊಳ್ಳಲು 1866ರಲ್ಲಿ ‘ಜೂಜುಗಾರ’ ಎಂಬ ಕಾದಂಬರಿಯನ್ನು 26 ದಿನಗಳಲ್ಲಿ ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಯಿಸಿದ. ಅವನು ಸ್ವತಃ ಜೂಜಿನ ಚಟಕ್ಕೆ ಸಿಕ್ಕಿ ನರಳಿದವನು. ಸಾಲವು ಅವನನ್ನು ಬರೆಯಲು ಕೂರಿಸಿತು, ನಿಜ. ಆದರೆ ಏನನ್ನು ಬರೆಯಬೇಕೆಂಬುದನ್ನು ಒದಗಿಸಿದ್ದು ಅವನು ನೊಂದ ನೋವು. ನಿಮಿತ್ತವೇ ಬೇರೆ, ಮೂಲವೇ ಬೇರೆ.

ಮೂಲವನ್ನು ಹುಡುಕುವುದಾದರೆ ಆದಿಕವಿಯ ಬಳಿಗೇ ಹೋಗಬೇಕು. ಬೇಡನ ಬಾಣಕ್ಕೆ ಸಿಕ್ಕಿ ಬಿದ್ದ ಕ್ರೌಂಚವನ್ನೂ ಅದರ ಸಂಗಾತಿಯ ಗೋಳನ್ನೂ ಕಂಡ ವಾಲ್ಮೀಕಿಯ ಶೋಕವು ಶ್ಲೋಕವಾಯಿತೆಂಬ ಕಥೆ ನಿಮಗೆಲ್ಲ ಗೊತ್ತು. ಸತ್ತದ್ದು ಅವನು ಸಾಕಿದ ಹಕ್ಕಿಯಲ್ಲ. ಅವನು ಆ ದಿನ ಹೊಳೆಗೆ ಬಂದದ್ದು ಕಾವ್ಯ ಬರೆಯಲೂ ಅಲ್ಲ, ಸ್ನಾನ ಮಾಡಲು. ಆದರೂ ಕಂಡದ್ದನ್ನು ಕಾಣದವನಂತೆ ಹೊರಟುಹೋಗಲು ಅವನಿಂದ ಆಗಲಿಲ್ಲ. ಕಂಡವನಿಗೆ ಕಂಡದ್ದರ ಋಣವೊಂದು ಅಂಟಿಕೊಳ್ಳುತ್ತದೆ. ಕಥೆಗಾರನ ಎಲ್ಲ ಪ್ರೇರಣೆಗಳ ಅಡಿಯಲ್ಲಿ ಇರುವುದು ಈ ಋಣವೇ ಎಂದು ನನಗೆ ತೋರುತ್ತದೆ.

ನಮ್ಮ ಮಲೆನಾಡನ್ನೇ ನೋಡಿ. ಶರಾವತಿ ಹುಟ್ಟುವ ಅಂಬುತೀರ್ಥ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಕನ್ನಡದ ಕಥನಸಾಹಿತ್ಯದ ದೊಡ್ಡ ಹೊಳೆಯೊಂದರ ಉಗಮವೂ ಅದೇ ನೆಲ. ಕುಪ್ಪಳಿಯ ಕುವೆಂಪು ಅವರು ‘ಕಾನೂರು ಹೆಗ್ಗಡಿತಿ’ಯನ್ನು ಹೊರತಂದದ್ದು 1936ರಲ್ಲಿ, ಮೈಸೂರಿನಲ್ಲಿದ್ದುಕೊಂಡು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಸಾಹುಕಾರರಿಗೆ ಸಿಕ್ಕಷ್ಟೇ ಜಾಗ ನಾಯಿಗುತ್ತಿಗೂ ಐತ-ಪೀಂಚಲು ದಂಪತಿಗಳಿಗೂ ಸಿಕ್ಕಿದೆ. ಹುಲಿಯನೆಂಬ ನಾಯಿಯೂ ಅಲ್ಲಿ ಅಮುಖ್ಯವಲ್ಲ. ಯಾವ ಚರಿತ್ರೆಯ ಪುಸ್ತಕವೂ ಇಂಥವರ ಹೆಸರನ್ನು ಬರೆದುಕೊಳ್ಳುವುದಿಲ್ಲ. ಅವರಂಥವರ ನಡುವೆ ಬೆಳೆದವನಿಗೆ ಅವರನ್ನು ಮರೆಯುವ ಸ್ವಾತಂತ್ರ್ಯವಿಲ್ಲ. ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ಇನ್ನೂ ದೂರ ಹೋದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಪ್ಲೇಗಿನ ಕಾಲದ ಯುರೋಪನ್ನು ಚಿತ್ರಿಸುವ ಬರ್ಗ್‌ಮನ್ನನ ಚಲನಚಿತ್ರವೊಂದನ್ನು ಕಂಡದ್ದೇ ‘ಸಂಸ್ಕಾರ’ಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಚಿತ್ರ ಪರದೇಶದ್ದು, ಅದು ಕೆದಕಿದ್ದು ತೀರ್ಥಹಳ್ಳಿಯ ಸೀಮೆಯ ನೆನಪುಗಳನ್ನು. ಆ ಕಾದಂಬರಿ ಪ್ರಕಟವಾದದ್ದು 1965ರಲ್ಲಿ.

ತೀರ್ಥಹಳ್ಳಿಯಲ್ಲೇ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಪ್ರಸಂಗವಂತೂ ಮನನೀಯವಾದುದು. ಎಳೆಯ ವಯಸ್ಸಿನಲ್ಲೇ ಮದುವೆಯಾದ, ಶಾಲೆಯ ಓದು ಬೇಗನೆ ನಿಂತ ಈ ತಾಯಿಯ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂದದ್ದು 1963ರಲ್ಲಿ. ಆಗ ಅವರ ವಯಸ್ಸು 46. 1976ರ ‘ಫಣಿಯಮ್ಮ’ನ ನಾಯಕಿ ಬರಿಯ ಕಲ್ಪನೆಯ ವ್ಯಕ್ತಿಯಲ್ಲ. ಬಾಲವಿಧವೆಯಾಗಿ ದೀರ್ಘಕಾಲ ಬಾಳಿದ ಆ ಹಿರಿಯಳನ್ನು ಇಂದಿರಾ ತಮ್ಮ ಬಾಲ್ಯದಲ್ಲಿ ಕಂಡಿದ್ದರು; ಆಕೆ ತನ್ನ ಕಥೆಯನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಬಳಿ. ಒಬ್ಬಳು ಅನುಭವಿಸಿದಳು, ಇನ್ನೊಬ್ಬಳು ಕೇಳಿಸಿಕೊಂಡಳು, ಮೂರನೆಯವಳು ಬರೆದಳು. ಮೂರು ತಲೆಮಾರಿನ ಹೆಂಗಸರು ಅಡುಗೆಮನೆಯ ಕತ್ತಲಿನಿಂದ ಒಂದು ಬಾಳನ್ನು ಕೈಯಿಂದ ಕೈಗೆ ದಾಟಿಸಿ ಹೊರಗಿನ ಬೆಳಕಿಗೆ ತಂದ ಹಾಗಾಯಿತು.

ಇನ್ನು ಸಾಗರದ ನಾ. ಡಿಸೋಜ ಅವರನ್ನು ನೆನೆಯದೆ ಜೋಗದ ಮಾತು ಪೂರ್ತಿಯಾಗುವುದಿಲ್ಲ. 1937ರಲ್ಲಿ ಸಾಗರದಲ್ಲಿ ಜನಿಸಿದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಗದ್ದೆ, ತೋಟ, ಮನೆ, ಗುಡಿಗಳು ಅದರಡಿಗೆ ಹೋದವು. ಅಲ್ಲಿಂದ ಹುಟ್ಟಿದ 1035 ಮೆಗಾವಾಟ್ ವಿದ್ಯುತ್ತು ನಾಡಿಗೆ ಬೆಳಕಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ನೆಲ ಬಿಟ್ಟುಕೊಟ್ಟ ಎಷ್ಟೋ ಮನೆಗಳು ಮಾತ್ರ ಬಹುಕಾಲ ಕತ್ತಲೆಯಲ್ಲೇ ಉಳಿದವು. ಇದನ್ನೆಲ್ಲ ಹತ್ತಿರದಿಂದ ಕಂಡ ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಮುಂತಾದ ಕಾದಂಬರಿಗಳನ್ನು ಬರೆದರು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಲನಚಿತ್ರಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲ ದೊರೆಯಿತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜ ಅವರು ಅಧ್ಯಕ್ಷರಾದರು. 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಯೋಜನೆಯ ಕಡತಗಳ ನಡುವೆ ದುಡಿದವರೇ ಕಡತಕ್ಕೆ ಸಿಕ್ಕದ್ದನ್ನು ಬರೆದಿಟ್ಟರೆಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇಂಥ ಮಹನೀಯರ ಸಾಲಿನ ಪಕ್ಕದಲ್ಲಿ ನನ್ನ ಮಾತನ್ನು ಹೇಳಲು ಸಂಕೋಚವಾಗುತ್ತದೆ. ಆದರೆ ಹುಡುಗ ಕೇಳಿದ್ದು ನನ್ನನ್ನು. ಆದ್ದರಿಂದ ನನ್ನ ತಪ್ಪೊಂದನ್ನು ನಿಮ್ಮಲ್ಲಿ ಒಪ್ಪಿಕೊಳ್ಳಲೇಬೇಕಾಗಿದೆ.

1979ರ ಬೇಸಿಗೆ. ನಾನಾಗ ಸಾಗರ ತಾಲ್ಲೂಕಿನ ಒಂದು ಶಾಲೆಯಲ್ಲಿ ಉಪಾಧ್ಯಾಯ. ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಮುಳುಗಡೆಯಿಂದ ಎದ್ದು ಬಂದವರು. ಹಿನ್ನೀರು ತಗ್ಗಿದಾಗ ತಮ್ಮ ಹಳೆಯ ಮನೆಯ ಜಾಗವನ್ನು ನೋಡಿಬರುವ ಪದ್ಧತಿ ಅವರಿಗಿತ್ತು. ಆ ಸಲ ನಾನೂ ಜೊತೆಗೆ ಹೋದೆ. ಅವರ ದುಃಖದಲ್ಲಿ ಪಾಲುಗೊಳ್ಳಲು ಹೋದೆನೆಂದರೆ ಅದು ಸುಳ್ಳು. ಕಥೆಗೊಂದು ವಸ್ತು ಸಿಕ್ಕೀತೆಂಬ ಆಸೆಯಿಂದ ಹೋದೆ. ಬಿರುಕುಬಿಟ್ಟ ಕೆಸರು, ಕಪ್ಪಾಗಿ ನಿಂತ ಮರದ ಬೊಡ್ಡೆಗಳು, ಜಂಬಿಟ್ಟಿಗೆಯ ತಳಪಾಯ, ಮಗುಚಿ ಬಿದ್ದ ಒರಳುಕಲ್ಲು. ಗೋಡೆಯಾಗಲಿ ಮಾಡಾಗಲಿ ಇರಲಿಲ್ಲ. ಅಜ್ಜಿ ಮುಂದೆ ನಡೆಯುತ್ತಿದ್ದವರು ಒಂದು ಕಡೆ ತಲೆ ತಗ್ಗಿಸಿ ದಾಟಿ, ಹಿಂದಿರುಗಿ ನೋಡಿ ಹೇಳಿದರು: “ತಲೆ ಜೋಪಾನ ಮೇಷ್ಟ್ರೇ, ಬಾಗ್ಲು ಗಿಡ್ಡ.”

ಬಾಗಿಲು ಇಲ್ಲವಾಗಿ ಹದಿನೈದು ವರ್ಷಗಳು ಕಳೆದಿದ್ದವು. ನಾನೂ ತಲೆ ತಗ್ಗಿಸಿಯೇ ಒಳಗೆ ಹೋದೆ.

ಊರಿಗೆ ಮರಳಿ ಕಥೆ ಬರೆದೆ. ಮುದುಕಿಯೊಬ್ಬಳು ಮನೆ ಬಿಟ್ಟು ಏಳಲಾರೆನೆಂದು ಹಠ ಹಿಡಿದು, ಏರಿ ಬರುವ ನೀರಿನಲ್ಲಿ ಕೈಮುಗಿದು ಮುಳುಗಿಹೋಗುವ ಕಥೆ. ಆ ಗಿಡ್ಡ ಬಾಗಿಲನ್ನು ಬಿಟ್ಟುಬಿಟ್ಟೆ. ಅಷ್ಟು ದೊಡ್ಡ ಮುಕ್ತಾಯದ ಮುಂದೆ ಅದು ಸಣ್ಣ ಸಂಗತಿಯಾಗಿ ಕಂಡಿತು. ಮರುವರ್ಷ ಒಂದು ಪತ್ರಿಕೆಯ ದೀಪಾವಳಿ ಸಂಚಿಕೆಯಲ್ಲಿ ಕಥೆ ಅಚ್ಚಾಯಿತು. 25 ರೂಪಾಯಿ ಸಂಭಾವನೆ ಬಂತು. ಕಣ್ಣೀರು ತರಿಸಿತೆಂದು ಓದುಗರ ಪತ್ರಗಳೂ ಬಂದವು. ನಾನು ಹಿಗ್ಗಿದೆ. ಮಮ್ಮಟನು ಮೊದಲು ಹೇಳಿದ ಎರಡೂ ಪ್ರಯೋಜನಗಳು ನನಗೆ ಒಟ್ಟಿಗೇ ಲಭಿಸಿದ್ದವು.

ಮೊಮ್ಮಗಳು ಆ ಕಥೆಯನ್ನು ಅಜ್ಜಿಗೆ ಓದಿ ಹೇಳಿದಳಂತೆ. ಮುಂದೊಂದು ದಿನ ಸಂತೆಯಲ್ಲಿ ಅವರು ಎದುರಾದರು. ಮುಖದಲ್ಲಿ ಸಿಟ್ಟಿರಲಿಲ್ಲ. “ನಾನು ಸತ್ತಿಲ್ವಲ್ಲ ಮೇಷ್ಟ್ರೇ” ಎಂದರು. “ಸಾಯೋದೇನು, ಒಂದು ಗಳಿಗೆ ಕೆಲ್ಸ. ಆಮೇಲೂ ಬದುಕಿದ್ದೆ ನೋಡಿ, ಅದನ್ನ ಬರೀಬೇಕಿತ್ತು ನೀವು.”

ಬಂಧುಗಳೇ, ಆ ಮಾತಿಗಿಂತ ಹರಿತವಾದ ವಿಮರ್ಶೆಯನ್ನು ನಾನು ಈವರೆಗೆ ಕೇಳಿಲ್ಲ. ನಾನು ಅವರನ್ನು ಕಂಡು ಬರೆದಿರಲಿಲ್ಲ, ನನ್ನನ್ನು ಕಾಣಿಸಿಕೊಳ್ಳಲು ಬರೆದಿದ್ದೆ. ಅವರ ಬಾಳನ್ನು ಸಾಲವಾಗಿ ಪಡೆದು, ತೀರಿಸುವ ಬದಲು ಅದರಿಂದ ಲಾಭ ಮಾಡಿಕೊಂಡಿದ್ದೆ.

ಅಂದಿನಿಂದ ಬಿಡುವಾದಾಗಲೆಲ್ಲ ಅವರ ಮನೆಗೆ ಹೋಗಿ ಕುಳಿತೆ. ಏನನ್ನೂ ಕೆದಕದೆ, ಹೇಳಿದಷ್ಟನ್ನು ಕೇಳಿದೆ. ಪರಿಹಾರದ ಪಟ್ಟಿಯಲ್ಲಿ ಹಲಸಿನ ಮರವೆಷ್ಟು, ಮಾವಿನ ಮರವೆಷ್ಟು ಎಂದು ಲೆಕ್ಕವಿತ್ತು. ಹೊಸ ಊರಿನಿಂದ ತಪ್ಪಿಸಿಕೊಂಡು ಹೋದ ದನಗಳು ಹಿನ್ನೀರಿನ ದಡದಲ್ಲಿ ನಿಂತು ಕೂಗುತ್ತಿದ್ದುದಕ್ಕೆ ಅದರಲ್ಲಿ ಕಲಮು ಇರಲಿಲ್ಲ. ಸ್ವಂತ ತೋಟವಿದ್ದ ಹೆಂಗಸು ಪರರ ಅಂಗಳದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದು ಮಕ್ಕಳನ್ನು ಓದಿಸಿದ್ದಕ್ಕೂ ಇರಲಿಲ್ಲ. ನಾಲ್ಕು ವರ್ಷ ತಿದ್ದಿ ತಿದ್ದಿ ಅದನ್ನು ಕಥೆಯಾಗಿ ಬರೆದೆ. ಅದರಲ್ಲಿ ಯಾರೂ ಸಾಯುವುದಿಲ್ಲ. ಇಲ್ಲದ ಬಾಗಿಲಿಗೆ ತಲೆ ತಗ್ಗಿಸುವಲ್ಲಿಗೆ ಕಥೆ ಮುಗಿಯುತ್ತದೆ. ಘಟನೆ ಸಾಲದೆಂಬ ಟಿಪ್ಪಣಿಯೊಡನೆ ಒಂದು ಪತ್ರಿಕೆ ಅದನ್ನು ಹಿಂದಿರುಗಿಸಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು.

ಅವರಿಗೆ ಓದಿ ಹೇಳಬೇಕಾಗಿದ್ದುದನ್ನು ಮೊಮ್ಮಗಳಿಗೆ ಓದಿ ಹೇಳಿದೆ. ಆಕೆ ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದೆಂದೂ ಅನ್ನಲಿಲ್ಲ. “ಇದನ್ನ ನನಗೆ ಕೊಡ್ತೀರಾ ಸಾರ್?” ಎಂದು ಕೇಳಿ ಹಾಳೆಗಳನ್ನು ಇಸಿದುಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅದರ ಬೇರೆ ಪ್ರತಿ ನನ್ನಲ್ಲಿಲ್ಲ. ಅದು ಎಲ್ಲಿಯೂ ಅಚ್ಚಾಗಲಿಲ್ಲ. ಆದರೂ ನಾನು ಬರೆದ ಕಥೆಗಳಲ್ಲಿ ಕಥೆಯೆನ್ನಬಹುದಾದದ್ದು ಅದೊಂದೇ ಎಂದು ನನ್ನ ಮನಸ್ಸು ಹೇಳುತ್ತದೆ.

ಹಾಗೆಂದು ಕೀರ್ತಿಯ ಆಸೆಯನ್ನು ನಾನು ಗೆದ್ದೆನೆಂದು ಭಾವಿಸಬೇಡಿ. ಇಂದಿಗೂ ಅಚ್ಚಿನಲ್ಲಿ ನನ್ನ ಹೆಸರನ್ನು ಕಂಡರೆ ಎರಡು ಸಲ ಓದಿಕೊಳ್ಳುತ್ತೇನೆ. ಆ ಆಸೆ ಗಾಡಿಗೆ ಕಟ್ಟಿದ ಎತ್ತಿನಂತೆ. ಎತ್ತಿಲ್ಲದೆ ಗಾಡಿ ಸಾಗದು, ನಿಜ. ಆದರೆ ಯಾವ ಊರಿಗೆ ಹೋಗಬೇಕೆಂದು ಎತ್ತನ್ನು ಕೇಳಬಾರದು.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿಗಳ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಸಿಗಂದೂರಿಗೆ ಹೋಗಲು ಲಾಂಚಿಗಾಗಿ ಕಾಯುತ್ತಿದ್ದವರು ಈಗ ಕೆಲವೇ ನಿಮಿಷಗಳಲ್ಲಿ ಹಿನ್ನೀರನ್ನು ದಾಟುತ್ತಾರೆ. ಆ ಕರೆಯ ಜನರ ದಶಕಗಳ ಕಷ್ಟ ತೀರಿದ್ದು ಸಂತೋಷದ ವಿಷಯ. ದಾಟುವಾಗ ಒಮ್ಮೆ ಕೆಳಗೆ ನೋಡಿ ಎಂದಷ್ಟೇ ನನ್ನ ಬಿನ್ನಹ. ಆ ನೀರಿನಡಿಯಲ್ಲಿ ಹೊಸ್ತಿಲುಗಳಿವೆ.

ತಮ್ಮನ ಮಗನಿಗೆ ಈಗ ಕಾಗದ ಬರೆದಿದ್ದೇನೆ: “ಮಗೂ, ಅಂದು ಜೋಗದಲ್ಲಿ ನಾನು ನಿನಗೆ ಸರಿಯಾದ ಉತ್ತರ ಕೊಡಲಿಲ್ಲ. ಹೆಸರಿಗಾಗಿಯೇ ಬರೆಯಲು ತೊಡಗಿದರೂ ಚಿಂತೆಯಿಲ್ಲ, ಎಲ್ಲರೂ ಹಾಗೆಯೇ ತೊಡಗುವುದು. ಆದರೆ ಬರೆದು ಮುಗಿಸಿದ ಮೇಲೆ, ಯಾರ ಬಾಳಿನಿಂದ ಕಥೆಯನ್ನು ಎತ್ತಿಕೊಂಡೆಯೋ ಅವರ ಮುಂದೆ ಕುಳಿತು ಓದಬಲ್ಲೆಯಾ ಎಂದು ನಿನ್ನನ್ನು ನೀನೇ ಕೇಳಿಕೋ. ಓದಬಲ್ಲೆಯಾದರೆ ಏಕೆ ಬರೆದೆಯೆಂಬ ಪ್ರಶ್ನೆಯನ್ನು ನಿನಗೆ ಯಾರೂ ಕೇಳುವುದಿಲ್ಲ.”