ದೊಡ್ಡಮ್ಮನ ತಕರಾರು

ಕಷ್ಟ ಬಂದ ಮನೆಗೆ ಅದರ ಬೆನ್ನಿಗೇ ಬರುವವರು ಸಮಾಧಾನ ಹೇಳುವವರು. ನಮ್ಮ ಸಭೆಯಲ್ಲಂತೂ ಇವರಿಗೆ ಬರವಿಲ್ಲ. ಕಂಕುಳಲ್ಲಿ ಸತ್ಯವೇದ, ಕೈಯಲ್ಲಿ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ, ಬಾಯಲ್ಲಿ "ಎಲ್ಲ ಕರ್ತನ ಚಿತ್ತ" ಎಂಬ ಒಂದೇ ಮಾತು. ದೊಡ್ಡಪ್ಪ ಹಾಸಿಗೆ ಹಿಡಿದ ವರ್ಷ ಆ ಮನೆಯಲ್ಲಿ ಬಿಸ್ಕತ್ತು ಎಷ್ಟು ಸೇರಿತ್ತೆಂದರೆ, ಮಕ್ಕಳಾದ ನಾವೇ ಅದನ್ನು ಕಂಡರೆ ಓಡುತ್ತಿದ್ದೆವು. ಅಕ್ಕಿ ಡಬ್ಬಿ ಮಾತ್ರ ತಳ ಕಾಣುತ್ತಿತ್ತು.

ದೊಡ್ಡಪ್ಪ ಹೆಂಚಿನ ಕಾರ್ಖಾನೆಯಲ್ಲಿದ್ದವರು. ಮಂಗಳೂರಿನ ಹೆಂಚಿಗೂ ನಮ್ಮವರ ವಿಶ್ವಾಸಕ್ಕೂ ಹಳೆಯ ನಂಟು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರ ಮಾತು ಕೇಳಿ ಕ್ರೈಸ್ತರಾದವರಿಗೆ ಸ್ವರ್ಗಕ್ಕಿಂತ ಮೊದಲು ಸಿಕ್ಕಿದ್ದು ಮನೆಯಿಂದ ಗೇಟ್‌ಪಾಸು. ಜಾತಿಯವರು ಕೈಬಿಟ್ಟರು, ಕುಲಕಸುಬು ತಪ್ಪಿತು. ಅಂಥವರ ಹೊಟ್ಟೆಗೊಂದು ದಾರಿಯಾಗಲೆಂದು ಮಗ್ಗಗಳು ಬಂದವು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಶುರುವಾಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನ್ ಪಾದ್ರಿಗಳನ್ನು ಹಿಡಿದು ಕೂಡಿಹಾಕಿದರು, ಕಾರ್ಖಾನೆಗಳು ಬೇರೆಯವರ ಪಾಲಾದವು. ಸುವಾರ್ತೆ ತಂದವರೇ ಕಣ್ಮರೆಯಾದರೂ ನಮ್ಮಜ್ಜಂದಿರು ಚರ್ಚು ಬಿಡಲಿಲ್ಲ. ಆ ಕಾಲದ ಪ್ರಾರ್ಥನೆಗಳಲ್ಲಿ ಪರಲೋಕದಷ್ಟೇ ಸಂಬಳದ ವಿಷಯವೂ ಇದ್ದಿರಬೇಕೆಂದು ನನ್ನ ಊಹೆ.

ದೊಡ್ಡಪ್ಪನ ಕೆಲಸ ಹೋಗಲು ಯುದ್ಧವೇ ಬೇಕಾಗಲಿಲ್ಲ, ಊರಿಗೆಲ್ಲ ತಾರಸಿ ಮನೆಯ ಹುಚ್ಚು ಹಿಡಿದದ್ದೇ ಸಾಕಾಯಿತು. ಕಾರ್ಖಾನೆಯ ಬಾಗಿಲು ಮುಚ್ಚಿತು, ಹಿಂದೆಯೇ ಎದೆನೋವು ಬಂತು.

ದೊಡ್ಡಮ್ಮ ರಾತ್ರಿ ಚಾಪೆ ಹಾಸಿ, ಅದರ ಮೇಲೇ ಮೊಣಕಾಲೂರಿ, ತಲೆಗೆ ಸೆರಗೆಳೆದುಕೊಂಡು ಶುರುಮಾಡುತ್ತಿದ್ದರು. "ಕರ್ತನೇ, ನಿಂಗೆ ಕಣ್ಣು ಕಾಣ್ತದಾ ಇಲ್ವಾ? ಮಾತ್ರೆ ಚೀಟಿ ಮೊನ್ನೆಯಿಂದ ಹಾಗೇ ಉಂಟು. ಬಡ್ಡಿಯವನು ಶನಿವಾರ ಬರ್ತಾನೆ. ನೀನು ಯಾವಾಗ ಬರ್ತಿ?" ನ್ಯಾಯಬೆಲೆ ಅಂಗಡಿಯವನ ಹತ್ತಿರ ಸೀಮೆಎಣ್ಣೆಗೆ ಜಗಳಾಡುವಾಗಲೂ ಅವರದು ಇದೇ ಧ್ವನಿ. ಬೈದು ಮುಗಿಸಿ, ಅದೇ ಉಸಿರಿನಲ್ಲಿ ಆಮೆನ್ ಹೇಳಿ, ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಭಾನುವಾರ ಬಂತೆಂದರೆ ಮಡಚಿಟ್ಟ ಸೀರೆ ಹೊರಬರುತ್ತಿತ್ತು. ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿದ ಎಂಟಾಣೆ ಕಾಣಿಕೆಯೂ ತಪ್ಪುತ್ತಿರಲಿಲ್ಲ.

ಸಭೆಯ ಹಿರಿಯರೊಬ್ಬರ ಕಿವಿಗೆ ಇದು ಬಿತ್ತು. "ದೇವರ ಹತ್ತಿರ ಹೀಗೆಲ್ಲ ಮಾತಾಡಬಾರದಮ್ಮ. ವಿಶ್ವಾಸ ಕಡಿಮೆಯಾದ್ರೆ ಹೀಗಾಗ್ತದೆ."

"ವಿಶ್ವಾಸ ಇಲ್ಲದಿದ್ರೆ ನಾನು ಯಾರ ಹತ್ರ ಜಗಳ ಮಾಡ್ಲಿ ಮಾರಾಯ್ರೇ? ಗೋಡೆ ಹತ್ರವಾ?"

ಆ ಹಿರಿಯರು ಯೋಬನ ಗ್ರಂಥವನ್ನು ಪೂರ್ತಿ ಓದಿರಲಿಕ್ಕಿಲ್ಲ. ನಮ್ಮಲ್ಲಿ ಅನೇಕರು ಮೊದಲೆರಡು ಅಧ್ಯಾಯ ಓದಿ, ಯೋಬನ ತಾಳ್ಮೆಗೆ ತಲೆದೂಗಿ, ನೇರ 42ನೆಯದಕ್ಕೆ ಹಾರಿ ಅವನಿಗೆ ಮರಳಿ ಸಿಕ್ಕ ಒಂಟೆ ಕತ್ತೆಗಳನ್ನು ಎಣಿಸಿಕೊಳ್ಳುತ್ತಾರೆ. ನಡುವಿನ ಅಧ್ಯಾಯಗಳಲ್ಲಿ ತಾಳ್ಮೆ ಎಲ್ಲುಂಟು? ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅಲ್ಲಿಯವರೆಗೆ ಬಂಗಾರದಂಥ ಜನ! ಆಮೇಲೆ ಬಾಯಿ ತೆರೆದರು, ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಮೂವರ ಮೇಲೆಯೇ. ಇವರನ್ನು ಉಳಿಸಲು ಜಗಳಗಂಟ ಯೋಬನೇ ಪ್ರಾರ್ಥಿಸಬೇಕಾಯಿತು.

ದೊಡ್ಡಪ್ಪ ಗುಣವಾಗಲಿಲ್ಲ. ಸಾಲ ತೀರಿದ್ದು ಅದ್ಭುತದಿಂದಲ್ಲ, ದೊಡ್ಡಮ್ಮ ವರ್ಷಗಟ್ಟಲೆ ಕಟ್ಟಿದ ಬೀಡಿಯಿಂದ. ಬೀಡಿ ಕಟ್ಟುತ್ತಲೂ ಕರ್ತನಿಗೆ ಬೈಗುಳ ನಡೆದೇ ಇತ್ತು. ಈಗ ಅವರಿಲ್ಲ. ನನ್ನ ಪಾಲಿನ ಕಷ್ಟ ಬಂದಾಗ ನಾನೂ ಅವರಂತೆ ಗದರಿಸಲು ನೋಡುತ್ತೇನೆ, ಬಾಯಿ ಬರುವುದಿಲ್ಲ. ದೇವರ ಹತ್ತಿರ ಅಷ್ಟು ಸಲಿಗೆ ನನಗಿನ್ನೂ ಬೆಳೆದಿಲ್ಲ.

ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳಲು ಮೈಕಿನ ಮುಂದೆ ನಿಲ್ಲುವವರೆಲ್ಲ ಕಾಯಿಲೆ ವಾಸಿಯಾದವರು, ವೀಸಾ ಸಿಕ್ಕವರು, ಮಗಳಿಗೆ ಸಂಬಂಧ ಕುದುರಿದವರು. ದೊಡ್ಡಮ್ಮನನ್ನು ಯಾರೂ ಒಮ್ಮೆಯೂ ಕರೆಯಲಿಲ್ಲ. ಕೂಟ ನಡೆಸುವವರಲ್ಲಿ ನನ್ನದೊಂದು ಬಿನ್ನಹ: ಕೇಳಿದ್ದು ಸಿಗದವರಿಗೂ ಒಂದು ಸಲ ಆ ಮೈಕು ಕೊಡಿ. ಅವರೂ ಪ್ರತಿ ಭಾನುವಾರ ತಪ್ಪದೆ ಬರುತ್ತಿದ್ದಾರೆ.