ಪಾರ್ಲಿಮೆಂಟಿನ ಎದುರು ಹೊಲಿಗೆ ಯಂತ್ರ

ಡಿಸೆಂಬರಿನ ಹೆಲ್ಸಿಂಕಿಯಲ್ಲಿ ಸೂರ್ಯ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ಹುಟ್ಟಿ ಮಧ್ಯಾಹ್ನ ಮೂರೂಕಾಲಿಗೆಲ್ಲ ಮುಳುಗಿಬಿಡುತ್ತಾನೆ. ಹೊರಗೆ ನಿಲ್ಲಲಾಗದ ಚಳಿ; ಒಳಗೆ ಕೂರಬೇಕೆಂದರೆ ಒಂದು ಕಾಫಿಗಾದರೂ ದುಡ್ಡು ಬಿಚ್ಚಬೇಕು. ಕೇಂದ್ರ ರೈಲು ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ, ಏನನ್ನೂ ಕೊಳ್ಳದೆ ರಾತ್ರಿಯವರೆಗೆ ಬೆಚ್ಚಗೆ ಕೂರಬಹುದಾದ ಕಟ್ಟಡವೊಂದಿದೆ. ಸ್ಪ್ರೂಸ್ ಮರದ ಹಲಗೆ ಹೊದ್ದ ಈ ಗ್ರಂಥಾಲಯದ ಹೆಸರು ‘ಓಡಿ’. ಸ್ವಾತಂತ್ರ್ಯಕ್ಕೆ ನೂರು ತುಂಬಿದ ನೆನಪಿಗೆ ಫಿನ್ಲೆಂಡ್ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ ಇದು. ಬಾಗಿಲು ತೆರೆದದ್ದು 2018ರ ಡಿಸೆಂಬರ್ 5ರಂದು, ಖರ್ಚು ಸುಮಾರು 98 ದಶಲಕ್ಷ ಯೂರೋ.

ಇಷ್ಟು ಹಣ ಸುರಿದವರು ಪುಸ್ತಕದ ಕೋಟೆಯನ್ನೇ ಕಟ್ಟಿರಬೇಕು ಎಂದುಕೊಂಡು ಒಳಹೊಕ್ಕರೆ, ನೆಲಮಹಡಿಯಲ್ಲಿ ಕಾಣುವುದು ರೆಸ್ಟೊರೆಂಟು, ಸಿನಿಮಾ ಮಂದಿರ, ಕಂಬವೇ ಇಲ್ಲದ ವಿಶಾಲ ಅಂಗಳ. ನೂರು ಮೀಟರಿಗೂ ಹೆಚ್ಚು ಉದ್ದದ ಎರಡು ಉಕ್ಕಿನ ಕಮಾನುಗಳು ಮೇಲಿನ ಭಾರವನ್ನೆಲ್ಲ ಸೇತುವೆಯಂತೆ ಹೊತ್ತಿವೆ. ಮುಂದೆಂದಾದರೂ ಅಡಿಯಲ್ಲಿ ರಸ್ತೆ ಸುರಂಗ ತೋಡಬೇಕಾಗಿ ಬಂದರೆ ಇರಲಿ ಎಂದು ಮಾಡಿದ ಏರ್ಪಾಡಂತೆ.

ಮೆಟ್ಟಿಲೇರಿದ ಮೇಲೆ ಸಿಗುವ ಮಹಡಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಸಾಲಾಗಿ ಹೊಲಿಗೆ ಯಂತ್ರಗಳು! ಒಬ್ಬ ಹುಡುಗ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದ. ಪಕ್ಕದಲ್ಲಿ ಅಜ್ಜಿಯೊಬ್ಬರು ಪರದೆಯ ಬಟ್ಟೆ ಹರಡಿ ಕೂತಿದ್ದರು. ಆಚೆಗೆ ತ್ರೀಡಿ ಪ್ರಿಂಟರು, ಲೇಸರ್ ಕಟರು, ಹಾಡು ಧ್ವನಿಮುದ್ರಿಸುವ ಸ್ಟುಡಿಯೊ, ಹದಿಹರೆಯದವರು ಮುತ್ತಿಕೊಂಡ ವಿಡಿಯೊ ಗೇಮಿನ ಕೋಣೆ, ಒಂದು ಅಡುಗೆಮನೆ ಕೂಡ. ಇವೆಲ್ಲ ಗ್ರಂಥಾಲಯದಲ್ಲೇಕೆ ಎಂದು ನಮಗನ್ನಿಸುತ್ತದೆ. ಅವರ ಲೆಕ್ಕ ನೇರ: ವರ್ಷಕ್ಕೊಮ್ಮೆ ಬೇಕಾಗುವ ಯಂತ್ರವನ್ನು ಮನೆಮನೆಯವರೂ ಕೊಳ್ಳುವುದು ದಂಡ, ಊರೆಲ್ಲ ಸೇರಿ ಪುಸ್ತಕ ಹಂಚಿಕೊಳ್ಳಬಹುದಾದರೆ ಯಂತ್ರವನ್ನೂ ಹಂಚಿಕೊಳ್ಳಬಹುದು.

ಬಳಸುವ ಜನರನ್ನು ಮೊದಲೇ ಕೇಳಿದ್ದರ ಫಲ ಇದು. ನಿಮ್ಮ ಲೈಬ್ರರಿ ಹೇಗಿರಬೇಕು ಎಂದು ಊರವರ ಕನಸುಗಳನ್ನು ಕಲೆಹಾಕಿದರು. ಒಂದು ಲಕ್ಷ ಯೂರೋ ಎತ್ತಿಟ್ಟು, ಯಾವ ಪ್ರಯೋಗಕ್ಕೆ ಅದನ್ನು ಖರ್ಚು ಮಾಡೋಣ ಎಂದು ಅವರನ್ನೇ ಕೇಳಿದರು. ವಿನ್ಯಾಸ ಸ್ಪರ್ಧೆಗೆ ಬಂದ 544 ನಕ್ಷೆಗಳಲ್ಲಿ ಗೆದ್ದದ್ದು ಅದೇ ಊರಿನ ಎ.ಎಲ್.ಎ. ಸಂಸ್ಥೆ. ಮೊದಲ ಯೋಜನೆಯಲ್ಲಿ ಸೌನಾ, ಅಂದರೆ ಬಿಸಿಹಬೆಯ ಸ್ನಾನದ ಕೋಣೆ ಕೂಡ ಇತ್ತು, ಆಮೇಲೆ ಕೈಬಿಟ್ಟರು. ಫಿನ್ನರ ಪಾಲಿಗೆ ಇದು ದೊಡ್ಡ ತ್ಯಾಗವೇ ಸರಿ.

ಪುಸ್ತಕಗಳು ತುತ್ತತುದಿಯ ಮಹಡಿಯಲ್ಲಿ, ಸುಮಾರು ಒಂದು ಲಕ್ಷ. ಕಪಾಟುಗಳು ತಗ್ಗಾಗಿರುವುದರಿಂದ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯುತ್ತದೆ. ನಡುನಡುವೆ ನಿಜವಾದ ಮರಗಳು. ಓದುಗರು ಮರಳಿಸಿದ ಪುಸ್ತಕಗಳನ್ನು ಹೊತ್ತ ರೋಬೋ ಗಾಡಿಗಳು ತಮ್ಮಷ್ಟಕ್ಕೆ ಸುಳಿದಾಡುತ್ತವೆ. ಒಂದು ಕಡೆ ಕೂಸುಗಳ ತಳ್ಳುಗಾಡಿ ನಿಲ್ಲಿಸಲೆಂದೇ ಜಾಗ. ಇಳಿಜಾರಾದ ನೆಲದ ಮೇಲೆ ಮಕ್ಕಳು ಉರುಳಾಡುತ್ತಾರೆ, ಯಾರೂ ‘ಶ್...’ ಎನ್ನುವುದಿಲ್ಲ. ತಲೆ ತಗ್ಗಿಸಿ ಗಂಟೆಗಟ್ಟಲೆ ಓದುವವರಿಗೆ ಇದು ಹೇಳಿ ಮಾಡಿಸಿದ ಜಾಗವಲ್ಲ ಎಂದೇ ನನ್ನ ಅನಿಸಿಕೆ. ಅವರು ಸೆನೆಟ್ ಚೌಕದ ಬಳಿಯ ಹಳೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗುವುದು ಲೇಸು. ‘ಓಡಿ’ಯ ಹೊರಗಿನ ಬಾಲ್ಕನಿಯಲ್ಲಿ ನಿಂತರೆ ಎದುರಿನ ಚೌಕದಾಚೆ, ಕಣ್ಣಿನ ನೇರಕ್ಕೆ ಪಾರ್ಲಿಮೆಂಟು. ಊರಿನ ಇಷ್ಟು ಬೆಲೆಬಾಳುವ ನೆಲವನ್ನು ಮಾಲ್‌ಗೆ ಕೊಡದೆ ಇದಕ್ಕೆ ಕೊಟ್ಟಿದ್ದಾರೆ.

ವಾರದ ದಿನಗಳಲ್ಲಿ ‘ಓಡಿ’ ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ. ಶನಿವಾರ, ಭಾನುವಾರವೂ ರಜೆಯಿಲ್ಲ. ಇದನ್ನೂ ಮೀರಿಸುವ ಏರ್ಪಾಡು ಆ ದೇಶದ ಎಷ್ಟೋ ಸಣ್ಣ ಲೈಬ್ರರಿಗಳಲ್ಲಿದೆ: ಸಿಬ್ಬಂದಿ ಮನೆಗೆ ಹೋದ ಮೇಲೂ ಓದುಗರು ತಮ್ಮ ಕಾರ್ಡು ತೋರಿಸಿ, ಪಿನ್ ಒತ್ತಿ ಒಳಗೆ ಹೋಗಬಹುದು, ತಾವೇ ಪುಸ್ತಕ ಪಡೆದು ಬರಬಹುದು. ಪುಸ್ತಕದ ಎರವಲಿಗೆ ಶುಲ್ಕ ಕೇಳುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ.

ಕಾನೂನು ನಮ್ಮಲ್ಲೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಕರ್ನಾಟಕದ ನಗರವಾಸಿಗಳು ಆಸ್ತಿ ತೆರಿಗೆಯ ಜೊತೆಗೆ ಅದರ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಈ ಸಲ ಕಟ್ಟಿದವರು ನಿಮ್ಮ ಬಡಾವಣೆಯ ಲೈಬ್ರರಿಯವರೆಗೆ ಒಮ್ಮೆ ಹೋಗಿ ಬನ್ನಿ. ಜನ ದುಡಿದು ಮನೆಗೆ ಮರಳುವ ಹೊತ್ತಿಗೆ ಅದರ ಬಾಗಿಲು ತೆರೆದಿಲ್ಲವಾದರೆ, ಏಕೆ ಎಂದು ಕೇಳಿ.