ಹುಳಿ ಬಿಯರು, ದೋಸೆ ಹಿಟ್ಟು ಮತ್ತು ಅಮ್ಮನ ಒಂದು ಪ್ರಶ್ನೆ

ನಾನು ಬಿಯರ್ ಬಗ್ಗೆ ಬರೀತೀನಿ ಅಂತ ನೀವ್ಯಾರೂ ಅಂದ್ಕೊಂಡಿರಲಿಕ್ಕಿಲ್ಲ. ನಾನೂ ಅಂದ್ಕೊಂಡಿರಲಿಲ್ಲ ಬಿಡಿ.

ಆಫೀಸಿನ ಕೆಲಸಕ್ಕೆ ಅಂತ ಬ್ರಸೆಲ್ಸ್‌ಗೆ ಬಂದು ಮೂರು ತಿಂಗಳಾಯ್ತು. ಮೊನ್ನೆ ಶನಿವಾರ ಇಲ್ಲಿನ ಗೆಳೆಯನೊಬ್ಬ ಕಾಂಟಿಯಾನ್ ಅನ್ನೋ ಬಿಯರ್ ತಯಾರಿಸೋ ಜಾಗಕ್ಕೆ ಕರ್ಕೊಂಡು ಹೋದ. 1900ರಲ್ಲಿ ಶುರುವಾದದ್ದು. 1978ರಿಂದ ಅದೇ ಕಟ್ಟಡ ಮ್ಯೂಸಿಯಂ ಕೂಡಾ ಹೌದು. "ನೋಡೋಕೆ ಬರ್ತೀನಿ, ಕುಡಿಯಲ್ಲ" ಅಂತ ಮೊದಲೇ ಹೇಳಿದ್ದೆ.

ಕುಡಿಯದೇ ಇರೋಕೆ ಕಾರಣ ದೊಡ್ಡ ಸಿದ್ಧಾಂತವೇನಲ್ಲ. ಅಪ್ಪ, ಅಷ್ಟೇ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದಾಗ ಅಮ್ಮ ಪೇಪರ್ ಮಡಚಿಟ್ಟು, "ಎರಡು ವರ್ಷ ಮುಂಚೆ ಮಾಡಿದ್ರೆ ಇವರ ಗಂಟೇನು ಹೋಗ್ತಿತ್ತು" ಅಂದಿದ್ದಳು. ಅಪ್ಪ ತೀರಿಕೊಂಡು ಆಗ ಎರಡು ವರ್ಷ.

ಅಲ್ಲಿ ಅಟ್ಟದ ಮೇಲೆ ತಾಮ್ರದ ದೊಡ್ಡ ಅಗಲ ಬಾನಿ ಇದೆ. ಗೋಧಿ, ಮೊಳಕೆ ಬರಿಸಿದ ಬಾರ್ಲಿ ಕುದಿಸಿದ ನೀರನ್ನ ಚಳಿಗಾಲದ ರಾತ್ರಿ ಅದರಲ್ಲಿ ಸುಮ್ನೆ ಆರೋಕೆ ಬಿಡ್ತಾರೆ. ಯೀಸ್ಟ್ ಹಾಕೋದೇ ಇಲ್ಲ! ಗಾಳಿಯಲ್ಲಿರೋದು, ಆಮೇಲೆ ಮರದ ಪೀಪಾಯಿಯಲ್ಲಿರೋದು ತಾನಾಗಿ ಸೇರಿ ಹುದುಗು ಬರಬೇಕು. ಜೇಡರಬಲೆಗಳನ್ನೂ ಗುಡಿಸಲ್ಲ, ಹಣ್ಣಿನ ನೊಣ ಹಿಡಿಯೋ ಕೆಲಸ ಜೇಡಗಳದ್ದು. ಒಂದೆರಡು ವರ್ಷ ಕಳೆದ ಬಿಯರಿಗೆ ಲೀಟರಿಗೆ ಸುಮಾರು 200 ಗ್ರಾಂ ಹುಳಿ ಚೆರ್ರಿ ಹಾಕಿದ್ರೆ ಅದೇ 'ಕ್ರೀಕ್'.

ಕೊನೆಗೆ ಎಲ್ಲರಿಗೂ ಒಂದೊಂದು ಪುಟ್ಟ ಗ್ಲಾಸು ಕೊಟ್ರು. ಮುರುಗಲು ಹಣ್ಣಿನ ಪಾನಕದ ಬಣ್ಣ. ಹಾಳಾದ್ದು, ವಾಸನೆ ನೋಡಿಬಿಟ್ಟೆ! ಸಾರಾಯಿ ವಾಸನೆಗೆ ಸಿದ್ಧನಾಗಿದ್ದವನಿಗೆ ಸಿಕ್ಕಿದ್ದು ಸಾಗರದ ಅಡುಗೆಮನೆ... ಬೆಳಗ್ಗೆ ಅಮ್ಮ ದೋಸೆ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದಾಗ ಬರುತ್ತಲ್ಲ, ಆ ಹುಳಿ. ಅದಕ್ಕೂ ಯಾರೂ ಯೀಸ್ಟ್ ಹಾಕಲ್ಲ, ಅಕ್ಕಿ ಉದ್ದಿನ ಜೊತೆ ಬಂದದ್ದೇ ಕೆಲಸ ಮಾಡುತ್ತೆ. ಎರಡರಲ್ಲೂ ಹುಳಿ ತರೋದು ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾ.

ಒಂದು ಗುಟುಕು ಕುಡಿದೆ. ದವಡೆ ಜುಂ ಅಂತು. ಚೆರ್ರಿ ಇದೆ, ಸಿಹಿ ಇಲ್ಲ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿರುತ್ತೆ. ಕಚ್ಚಾ ಹುಣಸೆಕಾಯಿಗೆ ಉಪ್ಪು ಹಚ್ಚಿ ತಿಂದ ಹಾಗೆ. ಗ್ಲಾಸು ಖಾಲಿ ಆಗಿದ್ದೇ ಗೊತ್ತಾಗಲಿಲ್ಲ.

ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಮುಚ್ಚಿಡೋಕೆ ಮನಸ್ಸು ಬರಲಿಲ್ಲ. ಹಿಟ್ಟಿನ ಕತೆ, ಜೇಡರಬಲೆ ಎಲ್ಲ ನಗ್ತಾ ಹೇಳಿ ಮುಗಿಸಿದೆ. ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ಇನ್ನೊಂದು ಲೋಟ ಬೇಕು ಅನ್ನಿಸ್ತೇನೋ?"

"ಅನ್ನಿಸ್ತಮ್ಮ. ಕುಡೀಲಿಲ್ಲ."

"ಹ್ಞೂಂ. ಅನ್ನಿಸ್ತು ಅಂತ ನಿಜ ಹೇಳಿದ್ಯಲ್ಲ, ಸಾಕು. ನಿಮ್ಮಪ್ಪ ಒಂದು ದಿನಾನೂ ಹೇಳಲಿಲ್ಲ." ಅಷ್ಟು ಹೇಳಿ, ಅಲ್ಲಿ ಚಳಿ ಹೇಗಿದೆ ಅಂತ ಕೇಳಿದಳು.

ಮತ್ತೆ ಆ ಕಡೆ ಹೋಗ್ತೀನೋ ಇಲ್ವೋ ಗೊತ್ತಿಲ್ಲ. ಸದ್ಯಕ್ಕೆ ಅಕ್ಕಿ ಉದ್ದು ನೆನೆಹಾಕಿದೀನಿ. ಈ ಚಳಿಗೆ ಹಿಟ್ಟು ಹುಳಿ ಬರಿಸೋದು ಹೇಗೆ ಅಂತ ಗೊತ್ತಿದ್ದವರು ದಯವಿಟ್ಟು ಹೇಳಿ ಮಾರಾಯ್ರೆ!